ಸ್ನಾಯು ದೊಡ್ಡದಾದರೆ ಬೊಜ್ಜಿಗೇನು ಉಳಿಯಿತು?

‘ಮಯೋಸ್ಟ್ಯಾಟಿನ್ ತಡೆಯುವ ಪುಡಿ ಅಂತ ಮಾರುತ್ತಿದ್ದಾರೆ. ಕುಡಿದರೆ ಮೈಕಟ್ಟು ಬರುತ್ತದೆ, ಹೊಟ್ಟೆಯೂ ಕರಗುತ್ತದಂತೆ. ನಿಜವೇ?’ ಎಂದು ಜಿಮ್‌ಗೆ ಹೋಗುವ ಓದುಗರೊಬ್ಬರು ಕೇಳಿದ್ದಾರೆ. ಪುಡಿಗೆ ದುಡ್ಡು ಹಾಕಬೇಡಿ. ಆದರೆ ಆ ಹೆಸರಿನ ಹಿಂದಿರುವ ವಿಜ್ಞಾನ ನನಗೆ ಬಹಳ ಇಷ್ಟವಾದದ್ದು.

ಮಯೋಸ್ಟ್ಯಾಟಿನ್ ಎಂಬುದು ಸ್ನಾಯುಗಳೇ ತಯಾರಿಸುವ ಪ್ರೋಟೀನು. ‘ಬೆಳೆದದ್ದು ಸಾಕು’ ಎಂದು ಸ್ನಾಯುವನ್ನು ತಡೆಯುವುದೇ ಅದರ ಕೆಲಸ. 1997ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಅಲೆಕ್ಸಾಂಡ್ರಾ ಮೆಕ್‌ಫೆರಾನ್, ಆನ್ ಲಾಲರ್ ಮತ್ತು ಸೆ-ಜಿನ್ ಲೀ ಇಲಿಗಳಲ್ಲಿ ಈ ಜೀನನ್ನು ಕೆಡಿಸಿ ನೋಡಿದರು. ಸ್ನಾಯುಗಳು ಎರಡು-ಮೂರು ಪಟ್ಟು ತೂಗಿದವು. ಬೆಲ್ಜಿಯನ್ ಬ್ಲೂ ದನಗಳ ಉಬ್ಬಿದ ತೊಡೆಯ ಗುಟ್ಟೂ ಅದೇ ವರ್ಷ ಬಯಲಾಯಿತು: ಅವುಗಳ ಮಯೋಸ್ಟ್ಯಾಟಿನ್ ಜೀನಿನಲ್ಲಿ 11 ಅಕ್ಷರಗಳೇ ಇಲ್ಲ. ಬೆಲ್ಜಿಯಂನ ರೈತರು ತಲೆಮಾರುಗಳಿಂದ ಆರಿಸಿ ಬೆಳೆಸಿದ್ದು ಈ ಲೋಪವನ್ನೇ. ಮಾಂಸದಲ್ಲಿ ಕೊಬ್ಬು ತೀರ ಕಡಿಮೆ. ಕರು ಎಷ್ಟು ದಪ್ಪವೆಂದರೆ ಬಹುಪಾಲು ಹಸುಗಳಿಗೆ ಸಿಸೇರಿಯನ್ ಮಾಡಬೇಕು. ಜೀನಿನ ಎರಡೂ ಪ್ರತಿ ಕೆಟ್ಟಿದ್ದ ಜರ್ಮನಿಯ ಒಂದು ಮಗುವಿನ ವಿವರ 2004ರಲ್ಲಿ ಪ್ರಕಟವಾಯಿತು. ನಾಲ್ಕು ವರ್ಷ ದಾಟುವ ಹೊತ್ತಿಗೆ ಆ ಹುಡುಗ ಮೂರು ಮೂರು ಕಿಲೋ ಡಂಬೆಲ್‌ಗಳನ್ನು ಕೈಚಾಚಿ ಹಿಡಿಯುತ್ತಿದ್ದ.

ಕೊಬ್ಬಿನ ಕತೆ ಇನ್ನೂ ಸ್ವಾರಸ್ಯಕರ. ಹಸಿವಿಗೆ ಕಡಿವಾಣ ಹಾಕುವ ಲೆಪ್ಟಿನ್ ಎಂಬ ಹಾರ್ಮೋನು ಇಲ್ಲದೆ ಮಿತಿಮೀರಿ ತಿಂದು ಊದಿಕೊಳ್ಳುವ ಇಲಿಗಳಲ್ಲೂ ಮಯೋಸ್ಟ್ಯಾಟಿನ್ ತೆಗೆದರೆ ಬೊಜ್ಜು ತಗ್ಗುತ್ತದೆಂದು ಮೆಕ್‌ಫೆರಾನ್ ಮತ್ತು ಲೀ 2002ರಲ್ಲಿ ತೋರಿಸಿದರು. ಹಾಗಾದರೆ ಅದು ಕೊಬ್ಬಿನ ಕೋಶಗಳನ್ನೇ ನೇರವಾಗಿ ಆಳುತ್ತದೆಯೇ? 2009ರ ಪ್ರಯೋಗವೊಂದು ಇದನ್ನು ಬಿಡಿಸಿತು. ಮಯೋಸ್ಟ್ಯಾಟಿನ್ ಸಂಕೇತವನ್ನು ಕೆಲವು ಇಲಿಗಳಲ್ಲಿ ಸ್ನಾಯುವಿನಲ್ಲಷ್ಟೇ ತಡೆದರು, ಕೆಲವುಗಳಲ್ಲಿ ಕೊಬ್ಬಿನಲ್ಲಷ್ಟೇ. ಕೊಬ್ಬಿನಲ್ಲಿ ತಡೆದವುಗಳ ಮೈಯಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಸ್ನಾಯುವಿನಲ್ಲಿ ತಡೆದವು ಜಿಡ್ಡಿನ ಆಹಾರ ತಿಂದರೂ ತೆಳ್ಳಗೇ ಉಳಿದವು, ಇನ್ಸುಲಿನ್ನಿಗೂ ಚೆನ್ನಾಗಿ ಸ್ಪಂದಿಸಿದವು.

ಕಾಲುವೆಯೊಂದನ್ನು ನೆನೆಯಿರಿ. ತಲೆಭಾಗದಲ್ಲಿ ಗದ್ದೆ, ತುದಿಯಲ್ಲಿ ಕೆರೆ. ಗದ್ದೆ ಕುಡಿದು ಮಿಕ್ಕ ನೀರು ಕೆರೆಗೆ. ಎರಡು ಎಕರೆಯಿದ್ದ ಗದ್ದೆ ನಾಲ್ಕಾದರೆ, ಅಷ್ಟೇ ನೀರು ಬಿಟ್ಟರೂ ಕೆರೆ ತುಂಬುವುದಿಲ್ಲ. ಕೆರೆಯನ್ನು ಯಾರೂ ಮುಟ್ಟಿಲ್ಲ. ಒಂದೇ ಅಡುಗೆ ಉಂಡ ಇಬ್ಬರಲ್ಲಿ ಒಬ್ಬರಿಗೆ ಬೊಜ್ಜು ಬಂದು ಇನ್ನೊಬ್ಬರಿಗೆ ಬಾರದಿದ್ದರೆ, ತಟ್ಟೆಯ ಜೊತೆಗೆ ಅವರ ಗದ್ದೆಯ, ಅಂದರೆ ಸ್ನಾಯುವಿನ, ಅಳತೆಯನ್ನೂ ಕೇಳಬೇಕು. ಭಾರ ಎತ್ತುವ ವ್ಯಾಯಾಮ ಆ ಗದ್ದೆಯನ್ನು ನಿಜವಾಗಿಯೂ ಹಿಗ್ಗಿಸುತ್ತದೆ.

ಔಷಧಿಯೂ ಬರುತ್ತಿದೆ. ಮಯೋಸ್ಟ್ಯಾಟಿನ್ ಬಂದು ಕೂರುವ ಗ್ರಾಹಕವನ್ನು ಮುಚ್ಚುವ ಬಿಮಾಗ್ರುಮ್ಯಾಬ್ ಎಂಬ ಪ್ರತಿಕಾಯವನ್ನು ಸ್ಥೂಲಕಾಯದ ಮಧುಮೇಹಿಗಳಿಗೆ ಕೊಟ್ಟ ಪರೀಕ್ಷೆಯ ಫಲ 2021ರಲ್ಲಿ ಪ್ರಕಟವಾಯಿತು. 48 ವಾರಗಳಲ್ಲಿ ಕೊಬ್ಬು ಶೇ. 20ರಷ್ಟು ಇಳಿದು, ಕೊಬ್ಬಿಲ್ಲದ ದೇಹತೂಕ ಶೇ. 3.6 ಏರಿತ್ತು. ಅದನ್ನು ನಾಲ್ಕು ವಾರಕ್ಕೊಮ್ಮೆ ರಕ್ತನಾಳಕ್ಕೆ ಹನಿಸಿದ್ದರು. ಬಾಯಲ್ಲಿ ನುಂಗಿದ್ದರೆ ಬೇಳೆಯ ಪ್ರೋಟೀನಿನಂತೆ ಅದೂ ಹೊಟ್ಟೆಯಲ್ಲೇ ಜೀರ್ಣವಾಗಿಬಿಡುತ್ತಿತ್ತು.