ಓಡದ ದಿನವೂ ಅಭ್ಯಾಸದ ದಿನವೇ

1950ರ ಆಗಸ್ಟ್ ತಿಂಗಳು. ಬ್ರಸೆಲ್ಸ್‌ನಲ್ಲಿ ಯುರೋಪಿಯನ್ ಅಥ್ಲೆಟಿಕ್ ಚಾಂಪಿಯನ್‌ಷಿಪ್ ಹತ್ತಿರವಾಗಿತ್ತು. ಚೆಕೊಸ್ಲೊವಾಕಿಯಾದ ದೂರ ಓಟಗಾರ ಎಮಿಲ್ ಝಟೋಪೆಕ್ ಮಾತ್ರ ವಿಷಾಹಾರದಿಂದ ಆಸ್ಪತ್ರೆಯ ಹಾಸಿಗೆ ಹಿಡಿದಿದ್ದರು. ದಿನಕ್ಕೆ ಹತ್ತಾರು ಬಾರಿ 400 ಮೀಟರ್ ಓಡುತ್ತಿದ್ದ ಮನುಷ್ಯನಿಗೆ ಅಭ್ಯಾಸವೇ ನಿಂತುಹೋಯಿತು. ಆಸ್ಪತ್ರೆಯಿಂದ ಬಂದ ಕೆಲವೇ ದಿನಗಳಲ್ಲಿ ಅವರು 5,000 ಮತ್ತು 10,000 ಮೀಟರ್ ಎರಡರಲ್ಲೂ ಚಿನ್ನ ಗೆದ್ದರು!

ಕಾಯಿಲೆ ಬಿದ್ದರೆ ಪದಕ ಸಿಗುತ್ತದೆ ಎಂದಲ್ಲ. ವರ್ಷಗಟ್ಟಲೆ ಓಡಿ ಗಳಿಸಿದ ಶಕ್ತಿ ಅವರಲ್ಲಿತ್ತು. ಕೆಲವು ದಿನಗಳ ಬಿಡುವಿನಿಂದ ಅದು ಕರಗಲಿಲ್ಲ. ಕರಗಿದ್ದು ದಣಿವು ಮಾತ್ರ.

ಓಡುವಾಗ ದೇಹದಲ್ಲಿ ಆಗುವುದೇನು? ಸ್ನಾಯುವಿನ ಎಳೆಗಳಲ್ಲಿ ಅತಿ ಸಣ್ಣ ಗಾಯಗಳಾಗುತ್ತವೆ. ಅಲ್ಲಿ ಶೇಖರವಾಗಿದ್ದ ಗ್ಲೈಕೊಜೆನ್ ಎಂಬ ಇಂಧನ ಖರ್ಚಾಗುತ್ತದೆ. ಪ್ರತಿ ಹೆಜ್ಜೆಗೂ ದೇಹತೂಕದ ಎರಡು ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ. ಗಾಯ ಮಾಗುವುದು, ಇಂಧನ ತುಂಬುವುದು, ಎಲುಬು ಗಟ್ಟಿಯಾಗುವುದು ಎಲ್ಲವೂ ಓಟ ನಿಂತ ಮೇಲೆಯೇ. ಈ ರಿಪೇರಿಗೆ ಸಮಯ ಕೊಡದಿದ್ದರೆ ಮೊಣಕಾಲ ಕೆಳಗಿನ ಎಲುಬಿನಲ್ಲಿ ಕೂದಲೆಳೆಯಂಥ ಬಿರುಕು ಕಾಣಿಸಿಕೊಳ್ಳಬಹುದು. ಆಗ ಒಂದು ದಿನದ ಬಿಡುವಿನ ಬದಲು ವಾರಗಟ್ಟಲೆ ಮನೆಯಲ್ಲಿ ಕೂರಬೇಕಾಗುತ್ತದೆ.

ಬೆಳೆಯುವ ಮಕ್ಕಳ ವಿಷಯದಲ್ಲಂತೂ ಹೆಚ್ಚು ಎಚ್ಚರ ಬೇಕು. ಅವರ ಎಲುಬಿನ ತುದಿಯಲ್ಲಿ ಬೆಳವಣಿಗೆಯ ಮೃದ್ವಸ್ಥಿ ಇನ್ನೂ ಗಟ್ಟಿಯಾಗಿರುವುದಿಲ್ಲ. ಆದ್ದರಿಂದಲೇ ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ, ಸ್ಪರ್ಧಾತ್ಮಕ ಕ್ರೀಡೆಯಲ್ಲಿರುವ ಮಕ್ಕಳಿಗೆ ವಾರಕ್ಕೆ ಒಂದೆರಡು ದಿನ ಬಿಡುವು ಇರಲೇಬೇಕೆಂದು ಸಲಹೆ ಮಾಡಿದೆ.

ತಾಲ್ಲೂಕು, ಜಿಲ್ಲಾ ಮಟ್ಟದ ಕ್ರೀಡಾಕೂಟ ಹತ್ತಿರವಾದಂತೆ ಆಗುವುದೇ ಬೇರೆ. ಓಟದ ಟೈಮಿಂಗ್ ಕುಸಿಯುತ್ತದೆ. ಅಭ್ಯಾಸ ಸಾಲದೆಂದು ಹುಡುಗ ಇನ್ನಷ್ಟು ಓಡುತ್ತಾನೆ; ಟೈಮಿಂಗ್ ಇನ್ನಷ್ಟು ಕುಸಿಯುತ್ತದೆ. ತಂಡದಿಂದ ಕೈಬಿಟ್ಟಾರು ಎಂಬ ಭಯಕ್ಕೆ ಕಾಲುನೋವನ್ನೂ ಬಚ್ಚಿಡುತ್ತಾನೆ. ಬೆಳಿಗ್ಗೆ ಎದ್ದಾಗ ನಾಡಿಬಡಿತ ಎಂದಿಗಿಂತ ಹೆಚ್ಚಿರುವುದು, ನಿದ್ರೆ ಬಾರದಿರುವುದು, ಊಟ ಸೇರದಿರುವುದು, ಸಣ್ಣ ಮಾತಿಗೂ ಸಿಡುಕುವುದು— ಇವು ದೇಹ ಬಳಲಿರುವ ಸೂಚನೆಗಳಿರಬಹುದು. ಒಂದೇ ಜಾಗದಲ್ಲಿ ನೋವು ಉಳಿದರೆ ವೈದ್ಯರಿಗೆ ತೋರಿಸಲೇಬೇಕು.

ಹಾಗಾದರೆ ಮಾಡಬೇಕಾದದ್ದು ಇಷ್ಟೆ: ಕಠಿಣ ಓಟದ ಮರುದಿನ ಹಗುರ ಓಟ, ವಾರಕ್ಕೆ ಒಂದು ದಿನವಾದರೂ ಪೂರ್ಣ ಬಿಡುವು, ಹದಿಹರೆಯದವರಿಗೆ ರಾತ್ರಿ ಎಂಟರಿಂದ ಹತ್ತು ಗಂಟೆ ನಿದ್ರೆ. ಬಿಡುವಿನ ದಿನ ತುಸು ನಡೆದಾಡಿದರೆ ತೊಂದರೆಯಿಲ್ಲ.

ಹೊಲವನ್ನು ಬೀಳು ಬಿಟ್ಟ ರೈತನನ್ನು ಯಾರೂ ಸೋಮಾರಿ ಎನ್ನುವುದಿಲ್ಲ. ಭಾನುವಾರ ಬೆಳಿಗ್ಗೆ ಮೈದಾನಕ್ಕೆ ಹೋಗದೆ ಮಲಗಿರುವ ಮಗಳನ್ನು ಎಬ್ಬಿಸುವ ಮುನ್ನ ತಂದೆತಾಯಿಗಳು ಇದನ್ನೊಮ್ಮೆ ನೆನೆಯಬೇಕು. ಸೋಮವಾರದ ಓಟಕ್ಕೆ ಆಕೆ ಸಿದ್ಧವಾಗುತ್ತಿರುವುದು ಆ ನಿದ್ರೆಯಲ್ಲೇ.