ಮೈಸೂರಿನ ಜಾವಾ: ಅಸಲು ಯಾವುದು, ಮರುರೂಪ ಯಾವುದು?

ಹಳೆಯ ಮೋಟಾರ್ ಸೈಕಲ್ಲುಗಳನ್ನು ಹುಡುಕಿಕೊಂಡು ಬರುವವರು ಈಗ ಬಹಳ. ತೇನಿ, ಕಂಬಂ ಕಣಿವೆ, ದಿಂಡಿಗಲ್ ಭಾಗದ ಕನ್ನಡ ಮನೆಗಳಲ್ಲಿ ಇಂತಹ ವಾಹನದ ವ್ಯಾಪಾರದ ಮಾತು ಬಂದಾಗ ಎಚ್ಚರ ಅಗತ್ಯ. ಮಕ್ಕಳ ಓದಿಗೆಂದು ಕೂಡಿಟ್ಟ ಹಣವನ್ನು ಬಣ್ಣ ಬಳಿದ ಮರುರೂಪಕ್ಕೆ ಸುರಿಯಬಾರದು. ಅಜ್ಜ ಬಿಟ್ಟುಹೋದ ಅಸಲು ವಾಹನವು ಗುಜರಿಯ ಬೆಲೆಗೆ ಹೋಗಲೂಬಾರದು. ಮೈಸೂರಿನ ಜಾವಾವನ್ನೇ ಉದಾಹರಣೆಯಾಗಿಟ್ಟುಕೊಂಡು ನಾವು ಇದನ್ನು ವಿವರಿಸುತ್ತೇವೆ.

ಜಾವಾ ಮೂಲತಃ ಜೆಕೊಸ್ಲೊವಾಕಿಯಾದ್ದು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಅದನ್ನು ಇಲ್ಲಿಯೇ ತಯಾರಿಸಿತು. 1970ರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಬೇರೊಂದು ಕಂಪನಿ ಜಾವಾ ಹೆಸರಿನಲ್ಲಿ ಹೊಸ ಬೈಕನ್ನು ಹೊರತಂದಿತು.

ಹೀಗಾಗಿ ಮಾರುಕಟ್ಟೆಯಲ್ಲಿ ಮೂರು ಬಗೆಯವು ಸಿಗುತ್ತವೆ: ಅಸಲು ಹಳೆಯ ಜಾವಾ, ಜಾವಾದ ಟ್ಯಾಂಕು ಮತ್ತು ಲಾಂಛನ ಹಚ್ಚಿದ ಯೆಜ್ಡಿ, ಹಳೆಯ ರೂಪವನ್ನು ಹೋಲುವ ಹೊಸ ಜಾವಾ. ಯೆಜ್ಡಿಯೂ ಒಳ್ಳೆಯ ವಾಹನವೇ. ಅದನ್ನು ಜಾವಾ ಎಂದು ಹೇಳಿ ಹೆಚ್ಚಿನ ಬೆಲೆಗೆ ಮಾರುವುದಷ್ಟೇ ತಪ್ಪು.

ಮೊದಲು ಎಂಜಿನ್ ನೋಡಿರಿ. ಹಳೆಯದು ಸುಮಾರು 250 ಸಿಸಿಯ ಟೂ ಸ್ಟ್ರೋಕ್; ಪೆಟ್ರೋಲಿನೊಡನೆ ಎಣ್ಣೆ ಬೆರೆಸಬೇಕು. ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್. 2018ರಲ್ಲಿ ಬಂದ ಹೊಸದು 293 ಸಿಸಿಯ ಫೋರ್ ಸ್ಟ್ರೋಕ್ ಆಗಿತ್ತು. ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಉಂಟು. ಎರಡಕ್ಕೂ ಜೋಡಿ ಸೈಲೆನ್ಸರ್ ಇರುವುದರಿಂದ ಅದೊಂದನ್ನೇ ಸಾಕ್ಷಿಯೆಂದು ನಂಬಬೇಡಿರಿ.

ಎರಡನೆಯದಾಗಿ ಆರ್.ಸಿ. ಓದಿರಿ. ತಯಾರಿಕೆಯ ವರ್ಷ 1985 ಎಂದಿದ್ದು ಟ್ಯಾಂಕಿನ ಮೇಲೆ ಜಾವಾ ಎಂದಿದ್ದರೆ ಅದು ವೇಷ ಬದಲಿಸಿದ ಯೆಜ್ಡಿಯೇ ಸರಿ. ತೇನಿ ಜಿಲ್ಲೆ ಮಧುರೈನಿಂದ ಬೇರೆಯಾದದ್ದು 1990ರ ದಶಕದಲ್ಲಿ. ಆದ್ದರಿಂದ 1960ರ ದಶಕದ ಬೈಕಿಗೆ ಟಿಎನ್ 60 ಸಂಖ್ಯೆಯಿದ್ದರೆ ಅದು ಅನಂತರ ದೊರೆತದ್ದು. ಅದರಲ್ಲಿ ತಪ್ಪೇನೂ ಇಲ್ಲ, ಆದರೆ ಹಿಂದಿನ ನೋಂದಣಿಯ ದಾಖಲೆಯನ್ನು ಕೇಳಿ ಪಡೆಯಬೇಕು.

ಮೂರನೆಯದಾಗಿ ಚಾಸಿ ಮತ್ತು ಎಂಜಿನ್ ಸಂಖ್ಯೆಗಳ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆಯಿರಿ. ಅದು ಆರ್.ಸಿ.ಯ ಸಂಖ್ಯೆಯೊಡನೆ ಅಕ್ಷರಶಃ ಹೊಂದಬೇಕು. ಅಂಕಿಗಳು ಓರೆಯಾಗಿದ್ದರೆ, ಸುತ್ತಲಿನ ಲೋಹವನ್ನು ಅರದಿಂದ ಉಜ್ಜಿದ ಗುರುತಿದ್ದರೆ ಮುಂಗಡ ಕೊಡದೆ ಹಿಂದಿರುಗಿರಿ. ಕದ್ದ ವಾಹನವಾಗಿದ್ದರೆ ಕೊಂಡವರೂ ಠಾಣೆಯ ಮೆಟ್ಟಿಲು ಹತ್ತಬೇಕಾದೀತು.

2021ರ ಕೇಂದ್ರ ನಿಯಮವೂ ತಿಳಿದಿರಲಿ. ಮೊದಲ ನೋಂದಣಿಯಾಗಿ 50 ವರ್ಷ ದಾಟಿ, ಮೂಲರೂಪದಲ್ಲಿಯೇ ಉಳಿದ ವಾಹನಕ್ಕೆ ವಿಂಟೇಜ್ ಮಾನ್ಯತೆ ದೊರೆಯುತ್ತದೆ. ಚಾಸಿ, ಎಂಜಿನ್ ಬಹುವಾಗಿ ಬದಲಾಗಿದ್ದರೆ ಆ ಮಾನ್ಯತೆಯಿಲ್ಲ. ಅಂದರೆ ಹೊಳಪಿಗಿಂತ ಮೂಲಭಾಗಗಳಿಗೇ ಬೆಲೆ. ಮನೆಯ ಹಳೆಯ ವಾಹನಕ್ಕೆ ಆತುರದಿಂದ ಹೊಸ ಬಣ್ಣ ಹೊಡೆಸದಿರುವುದೇ ಲೇಸು.

ಈ ಪರೀಕ್ಷೆಗಳಿಗೆ ದೊಡ್ಡ ತಜ್ಞತೆ ಬೇಡ. ಆರ್.ಸಿ.ಯನ್ನು ಮಕ್ಕಳ ಕೈಗೇ ಕೊಟ್ಟು ಗಟ್ಟಿಯಾಗಿ ಓದಿಸಿರಿ. ಅಂಕಿಗಳನ್ನು ಅವರೇ ಹೋಲಿಸಲಿ. ಕಲಿತ ಓದು ಮನೆಯ ಗಂಟನ್ನು ಕಾಯುವುದನ್ನು ಅವರೂ ಕಾಣಲಿ.