ಮನೆಯ ಮುಸುರೆಗೂ ಚಿರತೆಗೂ ಏನು ನಂಟು?

ಚಿರತೆ ಎಂದರೆ ದಟ್ಟ ಕಾಡು, ಓಡುವ ಜಿಂಕೆ ನೆನಪಾಗುತ್ತೆ, ಅಲ್ಲವೇ? ಉತ್ತರಹಳ್ಳಿಯವರಾದ ನಮಗೆ ಅದು ಪಕ್ಕದ ಬೀದಿಯ ಮಾತು. ನಮ್ಮ ಬಡಾವಣೆಗಳಿಗೆ ಹತ್ತಿರದಲ್ಲೇ ತುರಹಳ್ಳಿ ಕಾಡು, ಅದರಾಚೆ ಬನ್ನೇರುಘಟ್ಟ. 2022ರ ಡಿಸೆಂಬರಿನಲ್ಲಿ ತುರಹಳ್ಳಿ ಸುತ್ತ ಚಿರತೆ ಕಾಣಿಸಿಕೊಂಡಾಗ ಸಂಜೆಯಾಗುತ್ತಲೇ ಮಕ್ಕಳನ್ನು ಒಳಗೆ ಕರೆದು ಅಗಣಿ ಹಾಕಿಕೊಂಡೆವು.

ಕಾಡು ಬಿಟ್ಟು ಊರಿಗೇಕೆ ಬಂತು ಅಂತೀರಾ? ಹುಲಿಯ ಹಾಗೆ ಚಿರತೆಗೆ ದೊಡ್ಡ ಕಾಡೇ ಆಗಬೇಕೆಂದಿಲ್ಲ. ಬಂಡೆಯ ಸಂದು, ಪೊದೆ, ಕಬ್ಬಿನ ಗದ್ದೆ ಸಾಕು. ಮಂಡ್ಯದ ಕಡೆ ಕಬ್ಬು ಕಡಿಯುವಾಗ ಮರಿಗಳು ಸಿಕ್ಕಿದ್ದನ್ನು ನೀವೂ ಕೇಳಿರಬೇಕು. ಹಗಲೆಲ್ಲ ಅಡಗಿದ್ದು, ನಾವು ದೀಪ ಆರಿಸಿದ ಮೇಲೆ ಓಡಾಡುತ್ತೆ. ಊಟಕ್ಕೂ ಹಟವಿಲ್ಲ, ಕಾಡಿನಲ್ಲಿ ಚುಕ್ಕೆ ಜಿಂಕೆ, ಊರಂಚಿನಲ್ಲಿ ಬೀದಿನಾಯಿ! ಮಹಾರಾಷ್ಟ್ರದ ಅಕೋಲೆಯಲ್ಲಿ ವಿದ್ಯಾ ಆತ್ರೇಯ ಮತ್ತು ಜೊತೆಯವರು ಚಿರತೆಯ ಹಿಕ್ಕೆ ಪರೀಕ್ಷಿಸಿ ನೋಡಿದರೆ, ಅದರ ಆಹಾರದಲ್ಲಿ ನಾಯಿಯದೇ ದೊಡ್ಡ ಪಾಲು.

ಆ ನಾಯಿಗಳನ್ನು ಸಾಕುವವರು ಯಾರು? ಖಾಲಿ ಸೈಟಿಗೆ ನಾವು ಸುರಿಯುವ ಮಿಕ್ಕ ಅನ್ನ, ಮುಸುರೆ, ಕೋಳಿ ಅಂಗಡಿಯವರು ಎಸೆಯುವ ಚೂರುಪಾರು. ತಿಪ್ಪೆ ಇದ್ದಲ್ಲಿ ನಾಯಿ, ನಾಯಿ ಇದ್ದಲ್ಲಿ ಚಿರತೆ. ಅಡುಗೆಮನೆಯ ಕಸವನ್ನು ಗಾಡಿಯವರ ಕೈಗೇ ಕೊಡಿ, ಇಲ್ಲವೇ ಗುಂಡಿ ತೋಡಿ ಗೊಬ್ಬರ ಮಾಡಿ; ನಿಮ್ಮ ಕರಿಬೇವಿನ ಗಿಡಕ್ಕೂ ಒಳ್ಳೆಯದು.

"ಹಿಡಿದು ದೂರದ ಕಾಡಿಗೆ ಬಿಟ್ಟರಾಯ್ತಪ್ಪ" ಅನ್ನುವವರಿದ್ದಾರೆ. ನನಗೇನೋ ಅದು ಸರಿಕಾಣದು. ಮಹಾರಾಷ್ಟ್ರದ ಜುನ್ನರ್‌ನಲ್ಲಿ ಹಾಗೆ ಹಿಡಿದು ಬೇರೆಡೆ ಬಿಟ್ಟ ಮೇಲೆ ಮನುಷ್ಯರ ಮೇಲಿನ ದಾಳಿ ಹೆಚ್ಚಾಯಿತು. ನಮ್ಮ ಬೆಂಗಳೂರಿನ ಕೂಡ್ಲು ಗೇಟ್ ಬಳಿ 2023ರ ನವೆಂಬರಿನಲ್ಲಿ ಹಿಡಿಯಹೋದಾಗ ಚಿರತೆಯೇ ಸತ್ತಿತು, ಪಾಪ.

ಹಾಗಂತ ಅದನ್ನು ಬೆಕ್ಕಿನ ದೊಡ್ಡಣ್ಣ ಅಂತ ತಿಳಿಯಬೇಡಿ. 2022-23ರಲ್ಲಿ ಟಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ಜನ ಪ್ರಾಣ ಕಳೆದುಕೊಂಡರು. ನಿಮ್ಮೂರು ಗುಡ್ಡದ ಬುಡದಲ್ಲೋ ಕಬ್ಬಿನ ಪಕ್ಕದಲ್ಲೋ ಇದ್ದರೆ ಕತ್ತಲಾದ ಮೇಲೆ ಮಕ್ಕಳನ್ನು ಒಂಟಿಯಾಗಿ ಅಂಗಡಿಗೆ ಕಳಿಸಬೇಡಿ. ಬಯಲಿಗೆ, ಹಿತ್ತಲಿಗೆ ಹೋಗುವಾಗ ಟಾರ್ಚ್ ಹಿಡಿದು, ಮಾತಾಡುತ್ತಾ ಹೋಗಿ. ಕುರಿ, ಕರು, ಸಾಕಿದ ನಾಯಿ ರಾತ್ರಿ ಗಟ್ಟಿ ಬಾಗಿಲ ಒಳಗಿರಲಿ. ಎದುರಿಗೇ ಕಂಡರೆ ಬೆನ್ನು ತಿರುಗಿಸಿ ಓಡಬಾರದು. ಮಗುವನ್ನು ಎತ್ತಿಕೊಂಡು ನಿಧಾನವಾಗಿ ಹಿಂದೆ ಸರಿಯಿರಿ. ಕಲ್ಲು ಹಿಡಿದು ಗುಂಪು ಸೇರುವ ಗಂಡಸರನ್ನು ಮನೆಗೆ ಕಳಿಸಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಈ ನಂಬರನ್ನು ಅಡುಗೆಮನೆಯ ಕ್ಯಾಲೆಂಡರ್ ಮೇಲೆ ಬರೆದಿಟ್ಟುಕೊಳ್ಳಿ, ಗ್ಯಾಸ್‌ನವರ ನಂಬರಿನ ಕೆಳಗೆ.